ಹಾಳುಬಿದ್ದ ಗಾಡಿದಾರಿಯಲ್ಲಿ ಮೌಂಟನ್ ಬೈಕ್: ಮಲೆನಾಡಿನ ಸವಾರರಿಗೊಂದು ಕೈಪಿಡಿ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ, ಸಾಗರದ ಕಡೆಯ ಗುಡ್ಡಗಳಲ್ಲಿ ಹಿಂದೆ ಎತ್ತಿನ ಗಾಡಿ ಓಡಾಡುತ್ತಿದ್ದ ದಾರಿಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಊರಿಗೆ ಡಾಂಬರು ರಸ್ತೆ ಬಂದ ಮೇಲೆ ಅವುಗಳ ಮುರಿದ ಮೋರಿ ಕಟ್ಟುವವರಿಲ್ಲ, ಮುಚ್ಚಿದ ಚರಂಡಿ ಬಿಡಿಸುವವರಿಲ್ಲ, ಮಳೆಗಾಲ ಕಳೆದ ಮೇಲೆ ಇಕ್ಕೆಲದ ಮಟ್ಟಿಯನ್ನು ಸವರುವವರೂ ಇಲ್ಲ. ಮೌಂಟನ್ ಬೈಕ್ ಸವಾರರಿಗೆ ಇಂಥ ದಾರಿಯಲ್ಲಿ ಸಿಗುವ ಸುಖ ಬೇರೆಲ್ಲೂ ಸಿಗುವುದಿಲ್ಲ. ಅದು ಬೇಡುವ ಎಚ್ಚರವೂ ಅಷ್ಟೇ ದೊಡ್ಡದು. ಬೆಂಗಳೂರಿನ ತುರಹಳ್ಳಿಯಲ್ಲೋ ಯಲಹಂಕದ ಆಚೆಯ ಅವಲಹಳ್ಳಿಯಲ್ಲೋ ಸೈಕಲ್ ಪಳಗಿಸಿಕೊಂಡವರು ಇಲ್ಲಿಗೆ ಬಂದಾಗ ಮೊದಲು ಕಾಣುವ ವ್ಯತ್ಯಾಸವೆಂದರೆ, ಅಲ್ಲಿ ನೂರಾರು ಚಕ್ರಗಳು ಉಜ್ಜಿ ಉಜ್ಜಿ ಒಂದು ನಯವಾದ ಗೆರೆ ಮೂಡಿರುತ್ತದೆ, ಇಲ್ಲಿ ಅಂಥ ಗೆರೆಯೇ ಇರುವುದಿಲ್ಲ. ಎಲ್ಲಿ ಹೋಗಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಸವಾರರೇ ನಿರ್ಧರಿಸಬೇಕು.

ಈ ದಾರಿಗಳ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಒಂದೇ ಒಂದು: ಇವುಗಳನ್ನು ಕೆಡಿಸಿದ್ದು ನೀರು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಚರಂಡಿ ಮುಚ್ಚಿದ ದಾರಿಯಲ್ಲಿ ಅಷ್ಟೂ ನೀರು ದಾರಿಯ ಮೇಲೆಯೇ ಹರಿಯುತ್ತದೆ. ಕೊರಕಲು, ಬರಿಗೊಂಡ ಬೇರು, ಕಿತ್ತುಬಂದ ಕಲ್ಲು, ಕುಸಿದ ಧರೆ (ದಾರಿಬದಿಯ ಮಣ್ಣಿನ ಗೋಡೆ), ತಿರುವಿನಲ್ಲಿ ಗುಡ್ಡೆಯಾಗಿ ನಿಂತ ಗರಸು, ಇವೆಲ್ಲವೂ ಆ ನೀರಿನ ಕೆಲಸ. ಆದ್ದರಿಂದ ನೀರು ಹೇಗೆ ಹರಿದಿರಬೇಕು ಎಂದು ಊಹಿಸಬಲ್ಲವರು ತಿರುವಿನಾಚೆ ಏನಿದೆ ಎಂಬುದನ್ನೂ ಬಹುಮಟ್ಟಿಗೆ ಊಹಿಸಬಲ್ಲರು. ಕೆಳಗೆ ಬರೆದಿರುವ ಕ್ರಮಗಳಲ್ಲಿ ಹೆಚ್ಚಿನವು ಈ ಒಂದು ತಿಳಿವಳಿಕೆಯಿಂದಲೇ ಹುಟ್ಟಿದವು.

ಕಾಲ, ಅನುಮತಿ, ವಿಚಾರಣೆ

ಮಳೆಗಾಲದ ನಾಲ್ಕು ತಿಂಗಳು ಈ ದಾರಿಗಳಿಗೆ ಸೈಕಲ್ ಒಯ್ಯಬಾರದು. ಸವಾರರಿಗೆ ಅಪಾಯ ಎಂಬುದು ಒಂದು ಕಾರಣವಾದರೆ, ಹಸಿ ಮಣ್ಣಿನಲ್ಲಿ ಟೈರು ಕೊರೆದ ಗೀರೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅಕ್ಟೋಬರಿನ ಮಳೆಯೂ ನಿಂತು ನೆಲ ಬಿಗಿದ ಮೇಲೆ, ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಸವಾರಿ ಚೆನ್ನಾಗಿರುತ್ತದೆ. ಆಗ ಮಣ್ಣಿನಲ್ಲಿ ಉಳಿದಿರುವ ಅಲ್ಪ ತೇವದಿಂದ ಟೈರಿಗೆ ಹಿಡಿತ ಸಿಗುತ್ತದೆ. ಮಾರ್ಚ್ ಕಳೆದರೆ ಮಣ್ಣು ಹುಡಿಯಾಗಿ, ಗಟ್ಟಿ ನೆಲದ ಮೇಲೆ ಸಡಿಲ ಗರಸು ಕೂತು, ತಿರುವುಗಳಲ್ಲಿ ಮುಂದಿನ ಚಕ್ರ ಜಾರತೊಡಗುತ್ತದೆ. ಕಾಫಿ ಸೀಮೆಯಲ್ಲಿ ಡಿಸೆಂಬರ್, ಜನವರಿ ಎಂದರೆ ಕೊಯ್ಲಿನ ಕಾಲವೂ ಹೌದು. ಪಾಳುಬಿದ್ದಂತೆ ಕಾಣುವ ದಾರಿ ಇದ್ದಕ್ಕಿದ್ದಂತೆ ತೋಟದ ಚಾಲ್ತಿ ರಸ್ತೆಗೆ ಕೂಡಿಕೊಂಡು, ಎದುರಿನಿಂದ ಆಳುಗಳನ್ನು ತುಂಬಿಕೊಂಡ ಜೀಪು ಬರಬಹುದು. ಕಣ್ಣಿಗೆ ಕಾಣದ ತಿರುವಿನಲ್ಲಿ ನಡಿಗೆಯ ವೇಗಕ್ಕೆ ಇಳಿಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಅನುಮತಿಯ ವಿಷಯದಲ್ಲಿ ಸಡಿಲಿಕೆ ಸಲ್ಲದು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕುದುರೆಮುಖ, ಪುಷ್ಪಗಿರಿ, ಸೋಮೇಶ್ವರ, ಭದ್ರಾ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಚಾರಣಕ್ಕೆ ಸಿಕ್ಕ ಅನುಮತಿ ಸೈಕಲ್ಲಿಗೂ ಸಲ್ಲುತ್ತದೆ ಎಂದು ಭಾವಿಸದೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ನೇರವಾಗಿ ಕೇಳಿ ತಿಳಿದುಕೊಳ್ಳಬೇಕು. ಉಳಿದ ಗಾಡಿದಾರಿಗಳು ಹೆಚ್ಚಾಗಿ ಖಾಸಗಿ ತೋಟ, ಬ್ಯಾಣ (ಹುಲ್ಲುಗಾವಲು), ಸೊಪ್ಪಿನ ಬೆಟ್ಟಗಳನ್ನು ಹಾಯ್ದು ಹೋಗುತ್ತವೆ. ಅಲ್ಲಿ ಮನೆಯವರನ್ನು ಕಂಡು, ಯಾರು, ಎಲ್ಲಿಂದ ಬಂದವರು, ಎಲ್ಲಿಗೆ ಹೊರಟವರು ಎಂದು ಹೇಳಿಕೊಂಡು ಹೋಗುವುದು ಮರ್ಯಾದೆ ಮಾತ್ರವಲ್ಲ, ಸಂಜೆಯಾದರೂ ನೀವು ಮರಳದಿದ್ದರೆ ವಿಚಾರಿಸುವವರು ಒಬ್ಬರಿರುತ್ತಾರೆ. ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣಗೋಲು ಸರಿಸಿ ದಾಟಿದರೆ ಅದನ್ನು ಮೊದಲಿದ್ದಂತೆಯೇ ಹಾಕಿ ಹೋಗಬೇಕು. ತೋಟದಂಚಿನ ಸೌರವಿದ್ಯುತ್ ಬೇಲಿಯನ್ನು, ಅಂದರೆ ಜನ ಐಬೆಕ್ಸ್ ಎನ್ನುವ ತಂತಿಯನ್ನು, ಸೈಕಲ್ಲಿನ ಕಬ್ಬಿಣದಿಂದ ಸರಿಸಲು ಹೋಗಬಾರದು.

ನಕ್ಷೆ ನೋಡುವುದಾದರೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳು ಬಹಳ ಉಪಯುಕ್ತ, ಏಕೆಂದರೆ ಮೊಬೈಲ್ ನಕ್ಷೆಗಳಲ್ಲಿ ಕಾಣದ ಗಾಡಿದಾರಿಗಳು ಅವುಗಳಲ್ಲಿ ಗುರುತಾಗಿವೆ. ಅವುಗಳಲ್ಲಿ ಎತ್ತರದ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮೀಟರ್. ದಾರಿ 500 ಮೀಟರಿನೊಳಗೆ ಅಂಥ ಐದು ಅಂತರಗಳನ್ನು ಏರಿದರೆ 100 ಮೀಟರ್ ಏರಿತು, ಅಂದರೆ ಶೇ. 20ರ ಏರು, ಕೆಟ್ಟ ನೆಲದಲ್ಲಿ ಅದನ್ನು ತುಳಿದು ಹತ್ತುವ ಆಸೆ ಬಿಟ್ಟು ತಳ್ಳುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕು. ನಕ್ಷೆಗಿಂತಲೂ ಹೆಚ್ಚು ನಂಬಬೇಕಾದದ್ದು ಊರಿನವರ ಮಾತನ್ನು, ಆದರೆ ಕೇಳುವ ರೀತಿ ಸರಿಯಿರಬೇಕು. "ದಾರಿ ಇದೆಯಾ?" ಎಂದರೆ ಎಲ್ಲರೂ "ಇದೆ" ಎನ್ನುತ್ತಾರೆ, ಏಕೆಂದರೆ ಅವರ ಪಾಲಿಗೆ ಅದು ಇದ್ದೇ ಇದೆ. "ಯಜಮಾನ್ರೇ, ಈ ಮಳೆಗಾಲ ಕಳೆದ ಮೇಲೆ ಅತ್ತ ಯಾರಾದರೂ ಹೋಗಿದ್ದಾರಾ? ದಾರಿ ಸವರಿದ್ದಾರಾ? ಹಳ್ಳಕ್ಕೆ ಸಂಕ ಹಾಕಿದ್ದಾರಾ? ನಡೆದು ಹೋದರೆ ಎಷ್ಟು ಹೊತ್ತು?" ಎಂದು ಬಿಡಿಬಿಡಿಯಾಗಿ ಕೇಳಬೇಕು. ನಡಿಗೆಗೆ ಎರಡು ಗಂಟೆ ಎಂದರೆ ಸೈಕಲ್ಲಿಗೂ ಎರಡು ಗಂಟೆ ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಇಂಥ ದಾರಿಯಲ್ಲಿ ಗಂಟೆಗೆ ಐದಾರು ಕಿಲೋಮೀಟರ್ ಸಾಗಿದರೆ ಅದು ಒಳ್ಳೆಯ ವೇಗವೇ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಹೊತ್ತಿಗಾದರೂ ಮರಗಳಡಿಯಲ್ಲಿ ಅದಕ್ಕೂ ಮುಂಚೆಯೇ ಕತ್ತಲಾಗುವುದರಿಂದ, ಮಧ್ಯಾಹ್ನ ಮೂರರೊಳಗೆ ದಾರಿಯ ಕೆಟ್ಟ ಭಾಗವನ್ನು ದಾಟಿರುವಂತೆ ಹೊರಡಬೇಕು.

ಸೈಕಲ್ಲಿನ ಸಿದ್ಧತೆ

ದುಬಾರಿ ಸೈಕಲ್ ಬೇಕೆಂದಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸಾಕು. ಹಣ ಖರ್ಚು ಮಾಡುವುದಿದ್ದರೆ ಮೊದಲು ಟೈರಿಗೆ, ನಂತರ ಬ್ರೇಕಿಗೆ. ಟೈರು 2.3 ಇಂಚಿಗಿಂತ ಕಿರಿದಾಗಿರಬಾರದು, ಅದರ ಪಕ್ಕದ ಗೋಡೆ ದಪ್ಪವಿರಬೇಕು. ಬಿದಿರಿನ ಮುಳ್ಳು ಬಿದ್ದ ದಾರಿಯಲ್ಲಿ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ತುಂಬಿದ ಟ್ಯೂಬ್‌ಲೆಸ್ ಟೈರು ದಿನವನ್ನೇ ಉಳಿಸುತ್ತದೆ. ಎಪ್ಪತ್ತು ಕಿಲೋ ತೂಗುವ ಸವಾರರಿಗೆ ಟ್ಯೂಬ್‌ಲೆಸ್ ಆದರೆ ಮುಂದೆ 20ರಿಂದ 22, ಹಿಂದೆ 23ರಿಂದ 25 ಪಿಎಸ್‌ಐ ಗಾಳಿ ಸರಿಹೋಗುತ್ತದೆ. ಟ್ಯೂಬ್ ಇದ್ದರೆ ಐದಾರು ಪಿಎಸ್‌ಐ ಹೆಚ್ಚು ಬೇಕು, ಇಲ್ಲವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕ ಟ್ಯೂಬು ಜೋಡಿ ತೂತಾಗಿ ಕೂರುತ್ತದೆ. ರಸ್ತೆಯ ಸವಾರಿಗೆ ತುಂಬಿದ ಗಾಳಿಯಲ್ಲೇ ಗುಡ್ಡ ಹತ್ತಲು ಬರುವವರು ಬಹಳ ಮಂದಿ. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ಪುಟಿದು ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಬ್ರೇಕ್ ಲಿವರ್ ಅನ್ನು ತೋರುಬೆರಳೊಂದರಿಂದ ಎಳೆಯಲು ಬರುವಂತೆ ಹತ್ತಿರಕ್ಕೆ ಹೊಂದಿಸಿಕೊಂಡು, ಉಳಿದ ಮೂರು ಬೆರಳು ಹ್ಯಾಂಡಲ್ಲಿನಲ್ಲೇ ಇರುವಂತೆ ನೋಡಿಕೊಳ್ಳಬೇಕು. ಕೆಂಪು ಕೆಸರಿನಲ್ಲಿ ರೆಸಿನ್ ಪ್ಯಾಡುಗಳು ಕಣ್ಣೆದುರೇ ಸವೆಯುವುದರಿಂದ ತೇವದ ದಾರಿಗೆ ಮೆಟಲ್ ಪ್ಯಾಡುಗಳು ಮೇಲು. ರೋಟರ್, ಅಂದರೆ ಪ್ಯಾಡು ಒತ್ತಿ ಹಿಡಿಯುವ ತಟ್ಟೆ, ಅವುಗಳಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇಳಿಜಾರಿಗೆ ಮುನ್ನ ಸೀಟನ್ನು ತಗ್ಗಿಸಲೇಬೇಕು. ಸವಾರಿಯಲ್ಲಿರುವಾಗಲೇ ಸೀಟನ್ನು ಏರಿಳಿಸುವ ಡ್ರಾಪರ್ ಪೋಸ್ಟ್ ಇಲ್ಲದಿದ್ದರೆ ಇಳಿದು ಕೈಯಿಂದಲೇ ಏಳೆಂಟು ಸೆಂ.ಮೀ. ಇಳಿಸಿ, ಏರು ಬಂದಾಗ ಮತ್ತೆ ಏರಿಸಿಕೊಳ್ಳಬಹುದು. ಸೀಟ್ ಪೋಸ್ಟಿನ ಮೇಲೆ ಎರಡೂ ಎತ್ತರಗಳನ್ನು ಟೇಪಿನಿಂದ ಗುರುತು ಮಾಡಿಕೊಂಡರೆ ಹೊತ್ತು ಉಳಿಯುತ್ತದೆ.

ಚೀಲದಲ್ಲಿ ಇರಲೇಬೇಕಾದವು: ಚೈನ್ ಕಡಿಯುವ ಉಪಕರಣವಿರುವ ಮಲ್ಟಿಟೂಲ್, ಕಡಿದ ಚೈನನ್ನು ಕೂಡಿಸುವ ಎರಡು ಕ್ವಿಕ್ ಲಿಂಕ್, ಪಂಪು, ಒಂದು ಟ್ಯೂಬು, ಟ್ಯೂಬ್‌ಲೆಸ್ ಪ್ಲಗ್ಗುಗಳು, ಹರಿದ ಟೈರಿನ ಒಳಗೆ ಒತ್ತಿಡಲು ಹಳೆಯ ಟೈರಿನ ಒಂದು ತುಂಡು, ನಾಲ್ಕಾರು ಕೇಬಲ್ ಟೈ ಮತ್ತು ನಿಮ್ಮ ಸೈಕಲ್ಲಿಗೇ ಹೊಂದುವ ಡಿರೇಲರ್ ಹ್ಯಾಂಗರ್, ಅಂದರೆ ಗೇರು ಬದಲಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿಸುವ ತುಂಡು. ಕೊನೆಯದನ್ನು ಹೊರಡುವ ಮುನ್ನವೇ ಕೊಂಡಿರಬೇಕು, ಏಕೆಂದರೆ ಪ್ರತಿ ಮಾದರಿಯ ಸೈಕಲ್ಲಿಗೂ ಅದರ ಆಕಾರ ಬೇರೆಯಾಗಿದ್ದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಮಡಚುವ ಸಣ್ಣ ಗರಗಸ, ತಲೆಗೆ ಕಟ್ಟುವ ದೀಪ, ಮೂರು ಲೀಟರ್ ನೀರು, ಪ್ರಥಮ ಚಿಕಿತ್ಸೆಯ ಸಾಮಾನು ಇವೂ ಬೇಕು. ಹೆಲ್ಮೆಟ್, ಮೊಣಕಾಲಿನ ಕವಚ, ಪೂರ್ಣ ಬೆರಳಿನ ಕೈಗವಸು ಮತ್ತು ಕನ್ನಡಕ ಇಲ್ಲದೆ ಹೊರಡಬಾರದು. ಸೀಗೆಮೆಳೆಯ ಕೊಕ್ಕೆಮುಳ್ಳು ಅಥವಾ ಬೆತ್ತದ ಬಳ್ಳಿ ಮುಖಕ್ಕೆ ಬಡಿದರೆ ಕಣ್ಣಿಗೆ ಆಗಬಹುದಾದ ಹಾನಿಯನ್ನು ನೆನೆದರೆ ಕನ್ನಡಕದ ಬಗ್ಗೆ ಎರಡನೆಯ ಮಾತೇ ಬರುವುದಿಲ್ಲ.

ನೀರು ಹರಿದ ಬಗೆಯನ್ನು ಓದುವುದು

ಗಾಡಿದಾರಿಯ ಅಚ್ಚು ಎಲ್ಲ ಕಡೆಯೂ ಒಂದೇ: ಎರಡು ಗಾಲಿಗಳ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ, ಒಂದು ಮಗ್ಗುಲಿಗೆ ಧರೆ, ಇನ್ನೊಂದು ಮಗ್ಗುಲಿಗೆ ಇಳುಕಲು. ಧರೆಯ ಬುಡದಲ್ಲಿ ಒಮ್ಮೆ ಚರಂಡಿ ಇತ್ತು. ಧರೆ ಕುಸಿದು ಅದು ಮುಚ್ಚಿಹೋದ ಜಾಗದಲ್ಲಿ ನೀರು ದಾರಿಗೆ ನುಗ್ಗಿ, ಹತ್ತಿರದ ಜಾಡನ್ನು ಹಿಡಿದು, ಅದನ್ನೇ ಕೊರೆಯುತ್ತ ಕೆಳಗಿನ ತಿರುವಿನವರೆಗೆ ಓಡುತ್ತದೆ. ತಿರುವಿನಲ್ಲಿ ಅದು ದಾರಿಯನ್ನು ಅಡ್ಡ ದಾಟಿ ಹೊರ ಅಂಚನ್ನು ಒಡೆದುಕೊಂಡು ಕಣಿವೆಗೆ ಧುಮುಕುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಧರೆ ಕುಸಿದದ್ದು ಕಂಡ ಕೂಡಲೇ ಮುಂದೆ ಧರೆಯ ಮಗ್ಗುಲಿನ ಜಾಡು ಕೊರಕಲಾಗಿದೆ ಎಂದು ತಿಳಿದು ಹೊರಗಿನ ಜಾಡಿಗೆ ಅಥವಾ ನಡುದಿಬ್ಬಕ್ಕೆ ಸರಿದುಕೊಳ್ಳಬೇಕು. ಆದರೆ ತಿರುವು ಬರುವ ಹೊತ್ತಿಗೆ ಅದೇ ಹೊರ ಅಂಚು ಅತ್ಯಂತ ಅಪಾಯದ ಜಾಗವಾಗಿರುವುದರಿಂದ ತಿರುವಿಗೆ ಮೊದಲೇ ವೇಗ ಕಳೆದು ಒಳಮಗ್ಗುಲಿಗೆ ಬಂದಿರಬೇಕು. ಅಂಚಿನಲ್ಲಿ ಹುಲ್ಲು ಹಸಿರಾಗಿ ಕಂಡರೂ ಅದರಡಿಯ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿರುವುದು ಉಂಟು.

ಕೊರಕಲಿನ ಆಳವನ್ನು ಸೈಕಲ್ಲಿನ ಅಳತೆಯಲ್ಲೇ ತೂಗಿ ನೋಡಬೇಕು. ಸಾಮಾನ್ಯ ಮೌಂಟನ್ ಬೈಕಿನಲ್ಲಿ ಪೆಡಲ್ ಪೂರ್ತಿ ಕೆಳಗಿದ್ದಾಗ ಅದಕ್ಕೂ ನೆಲಕ್ಕೂ ಇರುವ ಅಂತರ ಸುಮಾರು 15 ಸೆಂ.ಮೀ. ಮಾತ್ರ, ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿ ಹಿಡಿದರೆ ಅದು 30 ಸೆಂ.ಮೀ. ದಾಟುತ್ತದೆ. ಆದ್ದರಿಂದ ಒಂದು ಗೇಣು ಆಳದ ಕೊರಕಲಿನೊಳಗೆ ಪೆಡಲ್ ತುಳಿಯದೆ, ಸಮಮಟ್ಟದಲ್ಲಿ ಹಿಡಿದು ಉರುಳಿಕೊಂಡು ಹೋಗಬಹುದು, ಆದರೆ ತುಳಿಯತೊಡಗಿದರೆ ಪೆಡಲ್ ಗೋಡೆಗೆ ತಾಗಿ ಸವಾರರು ಪಕ್ಕಕ್ಕೆ ಎಸೆಯಲ್ಪಡುತ್ತಾರೆ. ಗೊತ್ತಿಲ್ಲದೆ ಕೊರಕಲಿಗೆ ಇಳಿದುಬಿಟ್ಟರೆ ಹೊಸಬರು ಮಾಡುವ ಮೊದಲ ಕೆಲಸ ಹ್ಯಾಂಡಲನ್ನು ಮೆಲ್ಲನೆ ಹೊರಕ್ಕೆ ತಿರುಗಿಸುವುದು. ಮುಂದಿನ ಟೈರು ಓರೆಯಾಗಿ ಗೋಡೆಯನ್ನು ಉಜ್ಜುತ್ತದೆ, ಹತ್ತಲಾರದೆ ಜಾರುತ್ತದೆ, ಸವಾರರ ಮೈ ಮಾತ್ರ ತಿರುಗಿದ ದಿಕ್ಕಿಗೆ ಹೋಗಿ ಬೀಳುತ್ತದೆ. ಅದಕ್ಕೆ ಬದಲು ಕೊರಕಲಿನ ತಳವನ್ನೇ ನೋಡುತ್ತ, ಸೈಕಲ್ಲನ್ನು ನೇರವಾಗಿ ಬಿಟ್ಟು, ಗೋಡೆ ತಗ್ಗುವ ಜಾಗ ಬಂದಾಗ ಮುಂದಿನ ಚಕ್ರವನ್ನು ಎತ್ತಿ ಒಂದೇ ಸಲಕ್ಕೆ ಹೊರಗಿಡಬೇಕು. ಅಂಥ ಜಾಗ ಬರುವ ಸೂಚನೆಯಿಲ್ಲದಿದ್ದರೆ ಎರಡೂ ಬ್ರೇಕ್ ಹಿಡಿದು ನಿಂತು ಕೆಳಗಿಳಿಯುವುದೇ ಸರಿ.

ನಡುದಿಬ್ಬವೂ ಪೂರ್ತಿ ನಂಬಿಕೆಯ ಜಾಗವಲ್ಲ. ಅಲ್ಲಿನ ಹುಲ್ಲಿನಲ್ಲಿ ಗಾಡಿಯವರು ಎಂದೋ ಎತ್ತಿ ಹಾಕಿದ ಕಲ್ಲು, ಕಡಿದ ಗಿಡದ ಮೊನಚಾದ ಬುಡ ಅಡಗಿರುತ್ತವೆ. ಅಕೇಶಿಯಾ ನೆಡುತೋಪುಗಳಲ್ಲಿ ಇನ್ನೊಂದು ತೊಂದರೆಯಿದೆ: ಬಾಗಿದ ಒಣ ಎಲೆಗಳು ದಪ್ಪಗೆ ಹಾಸಿಕೊಂಡು ಕೊರಕಲು ಮತ್ತು ನೆಲವನ್ನು ಒಂದೇ ಮಟ್ಟವಾಗಿ ತೋರಿಸುತ್ತವೆ, ಬ್ರೇಕ್ ಹಿಡಿದರೆ ಎಲೆಯ ಪದರವೇ ಟೈರಿನೊಂದಿಗೆ ಜಾರುತ್ತದೆ. ತರಗೆಲೆಯ ಹಾಸು ಎಲ್ಲಿ ಸುತ್ತಲಿಗಿಂತ ದಪ್ಪವಾಗಿ, ಒತ್ತೊತ್ತಾಗಿ ಕೂತಿದೆಯೋ ಅಲ್ಲಿಗೆ ನೀರು ಅದನ್ನು ತಂದು ಬಿಟ್ಟಿದೆ, ಅಂದರೆ ಅಡಿಯಲ್ಲಿ ತಗ್ಗು ಇದೆ ಎಂದೇ ತಿಳಿಯಬೇಕು.

ಕಲ್ಲುಗಳಲ್ಲಿ ಜಂಬಿಟ್ಟಿಗೆ ಒಣಗಿದ್ದಾಗ ಟೈರನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಅದರ ತೂತುತೂತಾದ ಮೈಯೇ ಅದಕ್ಕೆ ಕಾರಣ. ಅದೇ ಕಲ್ಲು ನೆರಳಿನಲ್ಲಿ ಪಾಚಿ ಹಿಡಿದಿದ್ದರೆ ನಿಂತ ಕಾಲೂ ನಿಲ್ಲುವುದಿಲ್ಲ. ಬಣ್ಣ ನೋಡಿ ನಿರ್ಧರಿಸಬೇಕು: ಕೆಂಪು, ಕಂದು ಇದ್ದರೆ ಬ್ರೇಕ್ ಹಿಡಿಯಬಹುದು; ಕಪ್ಪು, ಹಸಿರು ಇದ್ದರೆ ಅದಕ್ಕೆ ಮೊದಲೇ ಬ್ರೇಕ್ ಹಿಡಿದು ವೇಗ ಕಳೆದುಕೊಂಡು, ಕಲ್ಲಿನ ಮೇಲೆ ಮಾತ್ರ ಬ್ರೇಕ್ ಬಿಟ್ಟು, ತಿರುಗಿಸದೆ ದಾಟಬೇಕು. ಬೇರುಗಳಿಗೂ ಇದೇ ನಿಯಮ, ಜೊತೆಗೆ ಇನ್ನೊಂದು: ಬೇರನ್ನು ಅಡ್ಡಲಾಗಿ, ಲಂಬಕೋನದಲ್ಲಿ ದಾಟಬೇಕು. ದಾರಿಗೆ ಓರೆಯಾಗಿ ಮಲಗಿದ ಒದ್ದೆ ಬೇರು ಮುಂದಿನ ಚಕ್ರವನ್ನು ಅದರ ಉದ್ದಕ್ಕೇ ಎಳೆದೊಯ್ಯುತ್ತದೆ. ಒಂದೆರಡು ಅಡಿ ಮೊದಲೇ ಸೈಕಲ್ಲನ್ನು ಸರಿಪಡಿಸಿಕೊಂಡು ಎದುರಿಸಲು ಜಾಗವಿಲ್ಲದಿದ್ದರೆ ಇಳಿಯಬೇಕು.

ಇಳಿಜಾರು ಮತ್ತು ಏರು

ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಮೊಣಕೈ ಹೊರಕ್ಕೆ ಬಾಗಿಸಿ, ಮೊಣಕಾಲು ಸಡಿಲಿಸಿ, ಮೈಭಾರವನ್ನೆಲ್ಲ ಅಂಗಾಲುಗಳ ಮೇಲೆ ಹೊರಿಸಬೇಕು. ಕೈಗಳ ಮೇಲೆ ಭಾರ ಬಿದ್ದರೆ ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿದ ಕ್ಷಣವೇ ಸವಾರರು ಹ್ಯಾಂಡಲ್ ದಾಟಿ ಹೋಗುತ್ತಾರೆ. ತೀರಾ ಹಿಂದಕ್ಕೆ ಜೋತುಬಿದ್ದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಹ್ಯಾಂಡಲ್ ಹಿಡಿದ ಬೆರಳುಗಳು ನೋಯುತ್ತಿದ್ದರೆ ಭಾರ ಕಾಲಿನ ಮೇಲಿಲ್ಲ ಎಂದರ್ಥ. ನೋಟ ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ನಾಲ್ಕೈದು ಮೀಟರ್ ಮುಂದೆ ಇರಬೇಕು. ಕಣ್ಣು ಯಾವುದರ ಮೇಲೆ ನೆಟ್ಟಿದೆಯೋ ಸೈಕಲ್ ಅತ್ತಲೇ ಹೋಗುವುದರಿಂದ, ತಪ್ಪಿಸಬೇಕಾದ ಕಲ್ಲನ್ನು ಒಮ್ಮೆ ಗುರುತಿಸಿ, ಆಮೇಲೆ ಅದರ ಪಕ್ಕದ ಖಾಲಿ ಜಾಗವನ್ನೇ ನೋಡಬೇಕು.

ಬ್ರೇಕಿನ ಶಕ್ತಿಯಲ್ಲಿ ಹೆಚ್ಚಿನದು ಮುಂದಿನ ಚಕ್ರದ್ದೇ. ಅದನ್ನು ಹೆದರಿ ಬಿಟ್ಟು ಹಿಂದಿನದನ್ನೇ ಎಳೆದು ಹಿಡಿಯುವವರ ಸೈಕಲ್ ಜಾರುತ್ತ ಇಳಿಯುತ್ತದೆ, ನಿಲ್ಲುವುದಿಲ್ಲ, ದಾರಿಯಲ್ಲಿ ಉದ್ದಕ್ಕೂ ಗೀರು ಬೀಳುತ್ತದೆ. ಎರಡನ್ನೂ ಮೆಲ್ಲಗೆ ಎಳೆಯುತ್ತ, ಚಕ್ರ ತಿರುಗುವುದು ನಿಲ್ಲದಂತೆ ನೋಡಿಕೊಳ್ಳಬೇಕು. ಗಟ್ಟಿ ನೆಲ ಸಿಕ್ಕಲ್ಲಿ ವೇಗವನ್ನು ಅಗತ್ಯಕ್ಕಿಂತ ಹೆಚ್ಚೇ ಕಳೆದುಕೊಂಡು, ಸಡಿಲ ನೆಲದಲ್ಲಿ ಬ್ರೇಕ್ ಸಡಿಲಿಸಿ ಹಾಯುವುದು ಈ ದಾರಿಗಳಲ್ಲಿ ಬಹಳ ಬೇಗ ಕೈಗೂಡಬೇಕಾದ ಅಭ್ಯಾಸ. ಕಲ್ಲಿನ ಮೆಟ್ಟಿಲಿನಂಥ ಇಳಿತ ಬಂದರೆ ಒಂದು ಗೇಣಿನವರೆಗಿನ ಎತ್ತರವನ್ನು ನಿಧಾನವಾಗಿ ಉರುಳಿಸಿಯೇ ಇಳಿಸಬಹುದು. ಅದಕ್ಕೂ ಹೆಚ್ಚಿದ್ದು ಕಡಿದಾಗಿದ್ದರೆ ಮುಂದಿನ ಹಲ್ಲುಚಕ್ರ ಕಲ್ಲಿನ ಅಂಚಿಗೆ ಬಡಿದು ಸೈಕಲ್ ಅಲ್ಲೇ ನಿಂತುಬಿಡುತ್ತದೆ, ಸವಾರರು ನಿಲ್ಲುವುದಿಲ್ಲ.

ಏರಿನಲ್ಲಿ ತೀರಾ ಹಗುರ ಗೇರಿಗಿಂತ ಒಂದು ಹಲ್ಲು ಬಿಗಿಯಾದದ್ದು ಒಳ್ಳೆಯದು, ಇಲ್ಲದಿದ್ದರೆ ಪ್ರತಿ ತುಳಿತಕ್ಕೂ ಹಿಂದಿನ ಚಕ್ರ ಸುಳ್ಳೇ ತಿರುಗುತ್ತದೆ. ಸೀಟಿನ ಮೂತಿಯ ಕಡೆ ಸರಿದು, ಎದೆ ತಗ್ಗಿಸಿ, ಮೊಣಕೈಗಳನ್ನು ಪಕ್ಕೆಯ ಕಡೆ ಇಳಿಸಿ, ತುಳಿತ ಎಳೆಯದಂತೆ, ಜಗ್ಗದಂತೆ ಒಂದೇ ಸಮ ಸಾಗಬೇಕು. ನಿಂತು ತುಳಿದರೆ ಸಡಿಲ ಗರಸಿನಲ್ಲಿ ಹಿಡಿತ ಹೋಗುತ್ತದೆ.

ಇಳಿದು ತಳ್ಳುವುದು ಸೋಲು ಎಂಬ ಭಾವನೆ ಹಲವರಲ್ಲಿದೆ. ಹಾಳುಬಿದ್ದ ದಾರಿಯಲ್ಲಿ ಅದು ಸವಾರಿಯದೇ ಒಂದು ಭಾಗ, ಅದಕ್ಕೂ ಕೌಶಲ ಬೇಕು. ಕಡಿದಾದ ಏರಿನಲ್ಲಿ ಚೈನ್ ಇಲ್ಲದ ಎಡಮಗ್ಗುಲಿಗೆ ನಿಂತು, ಸೈಕಲ್ಲನ್ನು ಕೈ ಚಾಚುವಷ್ಟು ಮುಂದಕ್ಕೆ ತಳ್ಳಿ, ಬ್ರೇಕ್ ಹಿಡಿದು, ಅದನ್ನೇ ಊರುಗೋಲಾಗಿಸಿಕೊಂಡು ಎರಡು ಹೆಜ್ಜೆ ಹತ್ತಿ, ಬ್ರೇಕ್ ಬಿಟ್ಟು ಮತ್ತೆ ತಳ್ಳಬೇಕು. ಹೀಗೆ ಮಾಡಿದರೆ ಸೊಂಟಕ್ಕೆ ಬೀಳುವ ಭಾರ ಕಡಿಮೆಯಾಗುತ್ತದೆ. ಇಳುಕಲಿನ ಅಡ್ಡಕ್ಕೆ ನಡೆಯುವಾಗ ಸೈಕಲ್ ಕಣಿವೆಯ ಮಗ್ಗುಲಿಗಿರಲಿ. ಕಾಲು ಜಾರಿದರೂ ಅದು ನಿಮ್ಮ ಮೇಲೆ ಬೀಳುವುದಿಲ್ಲ. ಹಳ್ಳಗಳ ಮೇಲಿನ ಕಾಲುಸಂಕವನ್ನು ಎಷ್ಟೇ ಅಗಲವಿದ್ದರೂ ಸೈಕಲ್ ಏರಿ ದಾಟಬಾರದು. ಅಡಿಕೆ ಮರದ ದಬ್ಬೆ ಒಂದೆರಡು ಮಳೆಗಾಲದಲ್ಲೇ ಒಳಗಿನಿಂದ ಕುಂಬಾಗುತ್ತದೆ, ಹೊರಗೆ ಗುರುತು ಕಾಣುವುದಿಲ್ಲ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು, ಸೈಕಲ್ಲನ್ನು ಕೈದಾಟಿಸಿಕೊಂಡು ಹೋಗಬೇಕು. ದಾರಿಗಡ್ಡ ಬಿದ್ದ ಮರವನ್ನು ದಾಟುವಾಗ ಅದರ ಮೇಲೆ ಕಾಲಿಟ್ಟು ಆಚೆ ಬದಿಯನ್ನು ನೋಡಿ ಇಳಿಯಬೇಕೇ ಹೊರತು ಕಾಣದ ಕಡೆಗೆ ಕಾಲು ಚಾಚಬಾರದು, ಏಕೆಂದರೆ ಮಂಡಲದ ಹಾವು ಮಲಗುವುದು ಅಲ್ಲೇ.

ಸೈಕಲ್ ಕೆಟ್ಟಾಗ, ಸವಾರರು ಬಿದ್ದಾಗ

ಸವರದ ದಾರಿಯಲ್ಲಿ ಅತಿ ಹೆಚ್ಚು ಕೆಡುವುದು ಹಿಂದಿನ ಡಿರೇಲರ್. ಯುಪಟೋರಿಯಂ ಕಳೆಯ ಕಡ್ಡಿಯೊಂದು ಚೈನಿನೊಳಕ್ಕೆ ಸೇರಿದಾಗ ಮೊದಲು ಕಟಕಟ ಎಂಬ ಸದ್ದು ಬರುತ್ತದೆ. ಆ ಸದ್ದಿಗೂ ಡಿರೇಲರ್ ಮುರಿಯುವುದಕ್ಕೂ ನಡುವೆ ಇರುವುದು ಅರ್ಧ ಸುತ್ತಿನ ತುಳಿತ ಮಾತ್ರ. ಕಡ್ಡಿ ಚೈನಿನೊಂದಿಗೆ ಕೆಳಗಿನ ಪುಟ್ಟ ಚಕ್ರಕ್ಕೆ ಸಾಗಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ತುಳಿತ ಮುಂದುವರಿದರೆ ಡಿರೇಲರ್ ಹಿಂದಕ್ಕೆ ಮಡಚಿ ಚಕ್ರದ ಕಡ್ಡಿಗಳ ನಡುವೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಸದ್ದು ಕೇಳಿದೊಡನೆ ಕಾಲು ನಿಲ್ಲಬೇಕು, ಆಮೇಲೆ ಬ್ರೇಕ್, ಆಮೇಲೆ ಇಳಿದು ಪೆಡಲನ್ನು ಕೈಯಿಂದ ಹಿಮ್ಮುಖ ತಿರುಗಿಸಿ ಕಡ್ಡಿ ತೆಗೆಯಬೇಕು. ಹ್ಯಾಂಗರ್ ಮುರಿದರೆ ಜೊತೆಗಿರುವುದನ್ನು ಹಾಕಬೇಕು. ಡಿರೇಲರೇ ಹೋದರೆ ಅದನ್ನು ಬಿಚ್ಚಿ, ಚೈನನ್ನು ಕಡಿದು, ಹಿಂದಿನ ನಡುವಿನ ಹಲ್ಲುಚಕ್ರವೊಂದಕ್ಕೆ ನೇರವಾಗಿ ಕೂರುವಷ್ಟು ಗಿಡ್ಡ ಮಾಡಿ, ಕ್ವಿಕ್ ಲಿಂಕಿನಿಂದ ಕೂಡಿಸಿದರೆ ಹಾರ್ಡ್‌ಟೇಲ್ ಸೈಕಲ್ ಒಂದೇ ಗೇರಿನಲ್ಲಿ ಊರು ಮುಟ್ಟುತ್ತದೆ.

ಕನಿಷ್ಠ ಮೂವರಾದರೂ ಜೊತೆಗಿರಬೇಕು. ಒಬ್ಬರು ಬಿದ್ದರೆ ಇನ್ನೊಬ್ಬರು ಅವರ ಬಳಿ ಉಳಿದು, ಮೂರನೆಯವರು ಸಹಾಯ ತರಲು ಹೋಗಬೇಕಾಗುತ್ತದೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ, ಬರುವ ದಾರಿಯಲ್ಲಿ ಸಿಗ್ನಲ್ ಸಿಕ್ಕ ದಿಬ್ಬಗಳನ್ನು ನೆನಪಿಟ್ಟುಕೊಂಡಿರಬೇಕು. 108ಕ್ಕೋ 112ಕ್ಕೋ ಕರೆ ಮಾಡುವಾಗ ಹತ್ತಿರದ ಊರಿನ ಹೆಸರು, ಜೀಪು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಅಂಗ ಅಲುಗದಂತೆ ಮಾಡಿ, ಸಾಧ್ಯವಿದ್ದರೆ ಹೊತ್ತುಕೊಂಡೇ ಆಸ್ಪತ್ರೆಗೆ ಸಾಗಿಸಬೇಕು.

ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆಗಳ ಸಂಚಾರವೇ ಎಲ್ಲಕ್ಕಿಂತ ಗಂಭೀರ ವಿಷಯ. ಭತ್ತ ತೆನೆಗೂಡುವ ನವೆಂಬರ್, ಡಿಸೆಂಬರಿನಲ್ಲಿ ಅವು ಗದ್ದೆಗಳ ಸುತ್ತ ಇರುತ್ತವೆ. ಅಂದು ಬೆಳಿಗ್ಗೆ ಆನೆ ಎಲ್ಲಿದೆ ಎಂಬುದು ತೋಟದ ಕೆಲಸದವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಅವರು ಬೇಡವೆಂದ ದಾರಿಗೆ ಹೋಗಲೇಬಾರದು. ಹಬೆಯಾಡುವ ಲದ್ದಿ, ಆಗತಾನೆ ಮುರಿದ ಬೈನೆ ಮರ ಕಂಡರೆ ಬಂದ ದಾರಿಯಲ್ಲೇ ಹಿಂತಿರುಗಬೇಕು. ಸೈಕಲ್ ಸದ್ದಿಲ್ಲದೆ ಸಾಗುವುದರಿಂದ ಆನೆಗೆ ನಮ್ಮ ಸುಳಿವು ಸಿಗುವುದಿಲ್ಲ ಎಂಬುದೂ ನೆನಪಿರಲಿ; ಮಬ್ಬು ದಾರಿಗಳಲ್ಲಿ ಮಾತಾಡುತ್ತ ಹೋಗಬೇಕು.

ದಾರಿಯ ಆರೈಕೆ, ಮರಳಿದ ಮೇಲಿನ ಕೆಲಸ

ಜಾಗದವರ ಒಪ್ಪಿಗೆ ಪಡೆದು ಸವಾರರೇ ಮಾಡಬಹುದಾದ ದುರಸ್ತಿಗಳಲ್ಲಿ ಅತ್ಯಂತ ಫಲ ಕೊಡುವುದು ನೀರನ್ನು ದಾರಿಯಿಂದ ಹೊರಗೆ ಕಳಿಸುವುದು. ಕೊರಕಲಿಗೆ ಕಲ್ಲು ತುಂಬಿ ಪ್ರಯೋಜನವಿಲ್ಲ. ಮುಂದಿನ ಮಳೆ ಅದರ ಪಕ್ಕಕ್ಕೇ ಇನ್ನೊಂದು ಕೊರಕಲು ತೋಡುತ್ತದೆ. ಕೊರಕಲು ಶುರುವಾಗುವ ಜಾಗಕ್ಕಿಂತ ಹತ್ತು ಹೆಜ್ಜೆ ಮೇಲೆ, ದಾರಿಯ ಹೊರ ಅಂಚಿನಲ್ಲಿ ಕಟ್ಟಿಕೊಂಡ ಮಣ್ಣಿನ ಏರಿಯನ್ನು ಒಡೆದು, ಹೊರಕ್ಕೆ ವಾಲುವಂತೆ ಎರಡು ಮೂರು ಮೀಟರ್ ಅಗಲದ ಆಳವಿಲ್ಲದ ತಗ್ಗು ಮಾಡಿದರೆ ನೀರು ವೇಗ ಪಡೆಯುವ ಮೊದಲೇ ಕಾಡಿಗೆ ಇಳಿದುಹೋಗುತ್ತದೆ. ಎರಡು ಗುದ್ದಲಿ, ನಾಲ್ಕು ಜನ ಇದ್ದರೆ ಒಂದು ಬೆಳಗಿನಲ್ಲಿ ಇಂಥ ಹಲವು ಬಾಯಿಗಳನ್ನು ತೆರೆಯಬಹುದು. ಮುಚ್ಚಿದ ಮೋರಿಯ ಬಾಯಲ್ಲಿನ ತರಗೆಲೆಯನ್ನು ಮೇ ತಿಂಗಳ ಕೊನೆಯಲ್ಲಿ ತೆಗೆದರೂ ಒಂದಿಡೀ ಇಳಿಜಾರು ಉಳಿಯುತ್ತದೆ. ಅಡ್ಡ ಬಿದ್ದ ಕೊಂಬೆಯ ಪಕ್ಕದಲ್ಲಿ ಹೊಸ ಬಳಸುದಾರಿ ಮಾಡದೆ, ಜಾಗದವರು ಒಪ್ಪಿದರೆ ಕೊಂಬೆಯನ್ನೇ ಕಡಿದು ಸರಿಸಬೇಕು. ಅರಣ್ಯ ಇಲಾಖೆಯ ನೆಲದಲ್ಲಿ ಮಾತ್ರ ಇಲಾಖೆಯ ಅನುಮತಿಯಿಲ್ಲದೆ ಒಂದು ಕಡ್ಡಿಯನ್ನೂ ಮುಟ್ಟಬಾರದು.

ಮರಳಿದ ಮೇಲೆ ಸೈಕಲ್ಲನ್ನು ಬಕೆಟ್ ನೀರು, ಬ್ರಷ್‌ನಿಂದ ತೊಳೆಯಬೇಕು; ವಾಟರ್ ಸರ್ವೀಸಿನ ರಭಸದ ನೀರು ಬೇರಿಂಗ್‌ಗಳೊಳಗೆ ಕೆಸರನ್ನು ತುರುಕುತ್ತದೆ. ಟೈರಿಗೆ ಅಂಟಿದ ಮಣ್ಣನ್ನು ಹೊರಡುವ ಜಾಗದಲ್ಲೇ ಕೊಡವಿದರೆ ಒಂದೂರಿನ ಕಳೆಬೀಜ ಇನ್ನೊಂದೂರಿಗೆ ಹೋಗುವುದಿಲ್ಲ. ಇಂಬಳ (ಜಿಗಣೆ) ಕಚ್ಚಿದ ಗಾಯದಲ್ಲಿ ರಕ್ತ ಸ್ವಲ್ಪ ಹೊತ್ತು ಒಸರುವುದು ಸಹಜ, ಸೋಪಿನಿಂದ ತೊಳೆದು ಒತ್ತಿ ಕಟ್ಟಿದರೆ ಸಾಕು.

ಉಣುಗಿನ ವಿಷಯ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ, ಮತ್ತು ಅದು ಹೆಚ್ಚು ಕಾಣಿಸಿಕೊಳ್ಳುವ ನವೆಂಬರ್‌ನಿಂದ ಮೇವರೆಗಿನ ತಿಂಗಳುಗಳೊಳಗೇ ಸೈಕಲ್ ಸವಾರಿಯ ಕಾಲವೂ ಬರುತ್ತದೆ. ಸಾಗರ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪದ ಕಡೆಗೆ ಹೊರಡುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ, ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನೋ ಅಂಥದೇ ಲೇಪವನ್ನೋ ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮಂಗ ಸತ್ತ ಸುದ್ದಿಯಿರುವ ಕಡೆ ಹೋಗಬಾರದು. ದಾರಿಯಲ್ಲಿ ಸತ್ತ ಮಂಗ ಕಂಡರೆ ದೂರದಿಂದಲೇ ಹಿಂತಿರುಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮನೆಗೆ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಉಣುಗು ಇದೆಯೇ ಎಂದು ನೋಡಿಕೊಳ್ಳಬೇಕು. ಕಚ್ಚಿದ ಎಂಟು ಹತ್ತು ದಿನಗಳೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮಾಂಸಖಂಡಗಳ ನೋವು ಕಾಣಿಸಿಕೊಂಡರೆ ಸಾಮಾನ್ಯ ಜ್ವರವೆಂದು ಮಾತ್ರೆ ನುಂಗಿ ಮಲಗದೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ವೈದ್ಯರಿಗೆ ಈ ಕಾಯಿಲೆಯ ಯೋಚನೆ ತಕ್ಷಣ ಬಾರದಿರಬಹುದಾದ್ದರಿಂದ, ಯಾವ ತಾಲ್ಲೂಕಿನ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಬೇಕು.